ಹೋಗದ ನೀರೋ, ಮರಳಿ ಬಂದ ನೀರೋ

14 ಸೆಪ್ಟೆಂಬರ್ 2024, ಶನಿವಾರ

ಬೆಳಿಗ್ಗೆ ಡಿಶ್‌ವಾಶರ್‌ನ ಬಾಗಿಲು ತೆಗೆದಾಗ ತಳದಲ್ಲಿ ಫಿಲ್ಟರ್ ಮುಳುಗುವಷ್ಟು ಬೂದುಬಣ್ಣದ ನೀರು ನಿಂತಿತ್ತು. ಫಿಲ್ಟರಿನ ಕೆಳಗಿನ ಗುಂಡಿಯಲ್ಲಿ ತುಸು ನೀರು ಯಾವಾಗಲೂ ಉಳಿಯುತ್ತದೆ. ಪಂಪಿನ ಸೀಲುಗಳು ಒಣಗಿ ಬಿರುಕುಬಿಡದಿರಲು ಅದು ಬೇಕು ಕೂಡ. ಅದು ಗುಂಡಿಯನ್ನು ಮೀರಿ ತಳದ ತಗಡಿನ ಮೇಲೆಲ್ಲ ಹರಡಿಕೊಂಡಿದ್ದರೆ ಮಾತ್ರ ದೋಷವೆಂದು ತಿಳಿಯಬೇಕು. ಇದಕ್ಕೆ ಕಾರಣಗಳು ಹಲವು, ಆದರೆ ಅವನ್ನೆಲ್ಲ ಒಂದು ಪ್ರಶ್ನೆಯಿಂದ ಎರಡು ಗುಂಪು ಮಾಡಬಹುದು: ಈ ನೀರು ಹೊರಗೆ ಹೋಗಲಾರದೆ ಉಳಿದದ್ದೋ, ಹೋದದ್ದು ಮರಳಿ ಬಂದದ್ದೋ? ಇದನ್ನು ನಿರ್ಧರಿಸಿಕೊಳ್ಳದೆ ಸ್ಕ್ರೂಡ್ರೈವರ್ ಹಿಡಿಯುವುದು ವ್ಯರ್ಥ ಶ್ರಮ ಎಂದೇ ನನ್ನ ಅಭಿಪ್ರಾಯ.

ನಿರ್ಧರಿಸಲು ಮೊದಲು ಬೇಕಾದದ್ದು ಕಿವಿ. ಚಾಲೂ ಇರುವ ಪ್ರೋಗ್ರಾಮನ್ನು ರದ್ದುಮಾಡಿದರೆ ಸಾಮಾನ್ಯವಾಗಿ ಯಂತ್ರ ಒಳಗಿನ ನೀರನ್ನು ಹೊರಹಾಕಲು ತೊಡಗುತ್ತದೆ, ಆಗ ಕೇಳುವ ಸದ್ದೇ ಅರ್ಧ ಉತ್ತರ. ಸದ್ದೇ ಇಲ್ಲದಿದ್ದರೆ ಡ್ರೇನ್ ಪಂಪಿಗೆ ಕರೆಂಟ್ ಬರುತ್ತಿಲ್ಲ ಅಥವಾ ಅದರ ಕಾಯಿಲ್, ಎಂದರೆ ಮೋಟರಿನ ತಂತಿಸುರುಳಿ, ಸುಟ್ಟಿದೆ. ಪಂಪ್ ಹಗುರವಾಗಿ ಗಿರ್ರೆಂದು ತಿರುಗುತ್ತಿದ್ದೂ ನೀರು ಇಳಿಯದಿದ್ದರೆ ನೀರನ್ನು ತಳ್ಳುವ ರೆಕ್ಕೆಚಕ್ರವಾದ ಇಂಪೆಲ್ಲರ್ ತನ್ನ ದಂಡದಿಂದ ಕಳಚಿರಬಹುದು, ಇಲ್ಲವೇ ಪೈಪು ಕಟ್ಟಿಕೊಂಡಿರಬಹುದು. ನಮ್ಮ ಯಂತ್ರದಿಂದ ಬಂದದ್ದು ಬರಿಯ ಗುಂಯ್ ಎಂಬ ಸದ್ದು. ಮೋಟರಿಗೆ ಕರೆಂಟ್ ತಲುಪುತ್ತಿದೆ, ಇಂಪೆಲ್ಲರ್ ಮಾತ್ರ ಎಲ್ಲೋ ಸಿಕ್ಕಿಕೊಂಡಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕಿಲ್ಲ.

ಸ್ವಿಚ್ ಆರಿಸಿದ್ದಲ್ಲದೆ ಪ್ಲಗ್ಗನ್ನೂ ಕಿತ್ತು, ನೀರಿನ ನಲ್ಲಿಯನ್ನು ಮುಚ್ಚಿ, ನಿಂತ ನೀರನ್ನು ಲೋಟದಿಂದಲೂ ಆಮೇಲೆ ಸ್ಪಂಜಿನಿಂದಲೂ ತೆಗೆದೆ. ಫಿಲ್ಟರನ್ನು ಎಡಕ್ಕೆ ತಿರುಗಿಸಿ ಎತ್ತಿದ ಮೇಲೆ ಗುಂಡಿಯ ಪಕ್ಕದಲ್ಲಿ ಪಂಪಿನ ಪ್ಲಾಸ್ಟಿಕ್ ಮುಚ್ಚಳ ಕಾಣುತ್ತದೆ. ಅಲ್ಲಿಗೆ ಬರಿಗೈ ಹಾಕಬಾರದು, ಏಕೆಂದರೆ ಇಂಪೆಲ್ಲರನ್ನು ಹಿಡಿದು ನಿಲ್ಲಿಸುವ ವಸ್ತು ಬಹುಮಟ್ಟಿಗೆ ಒಡೆದ ಗಾಜೇ ಆಗಿರುತ್ತದೆ. ದಪ್ಪ ಕೈಗವಸು ತೊಟ್ಟು ಮುಚ್ಚಳ ಸರಿಸಿ ಟಾರ್ಚ್ ಬಿಟ್ಟು ನೋಡಿದರೆ, ಎರಡು ರೆಕ್ಕೆಗಳ ನಡುವೆ ಉಗುರಿನಗಲದ ಗಾಜಿನ ಚೂರೊಂದು ಓರೆಯಾಗಿ ಕಚ್ಚಿಕೊಂಡಿತ್ತು. ಬಾಟಲಿಯ ಮೇಲಿನ ಕಾಗದದ ಲೇಬಲ್ ನೀರಿನಲ್ಲಿ ಕರಗಿ, ನಾರಾಗಿ, ಆ ಚೂರಿನ ಸುತ್ತಲೂ ಸುತ್ತಿಕೊಂಡು ಗಂಟುಬಿದ್ದಿತ್ತು. ಚಿಮಟದಿಂದ ಮೊದಲು ನಾರನ್ನು ಬಿಡಿಸಿದ ಮೇಲೆಯೇ ಗಾಜು ಅಲುಗಿತು.

ಇಲ್ಲೊಂದು ಮಾತು ಹೇಳಬೇಕು. ಇಂಪೆಲ್ಲರನ್ನು ಬೆರಳಿನಿಂದ ತಿರುಗಿಸಿದಾಗ ಅದು ನುಣುಪಾಗಿ ಸುತ್ತದೆ, ತಡೆದು ತಡೆದು, ಮೆಟ್ಟಿಲಿಳಿದಂತೆ ಚಲಿಸುತ್ತದೆ. ಇದನ್ನೇ ದೋಷವೆಂದು ಎಣಿಸಿ ಒಳ್ಳೆಯ ಪಂಪನ್ನು ಎಸೆಯುವವರಿದ್ದಾರೆ. ಬಹುತೇಕ ಡ್ರೇನ್ ಪಂಪುಗಳಲ್ಲಿರುವುದು ಶಾಶ್ವತ ಅಯಸ್ಕಾಂತದ ಸಿಂಕ್ರೊನಸ್ ಮೋಟರ್, ಆ ತಡೆ ಅಯಸ್ಕಾಂತದ ಸೆಳೆತ. ಇಂಥ ಮೋಟರ್ ಯಾವ ದಿಕ್ಕಿಗೆ ಬೇಕಾದರೂ ತಿರುಗಲು ಆರಂಭಿಸಬಹುದಾದ್ದರಿಂದಲೇ ಅದರ ಇಂಪೆಲ್ಲರಿನ ರೆಕ್ಕೆಗಳನ್ನು ಬಾಗಿಸದೆ ನೇರವಾಗಿ ಮಾಡಿರುತ್ತಾರೆ. ಅನುಮಾನವಿದ್ದರೆ, ಪ್ಲಗ್ ಕಿತ್ತ ಸ್ಥಿತಿಯಲ್ಲಿಯೇ ಮಲ್ಟಿಮೀಟರ್ ಹಿಡಿದು ಕಾಯಿಲಿನ ರೋಧವನ್ನು ನೋಡಬಹುದು: 230 ವೋಲ್ಟಿನ ಪಂಪುಗಳಲ್ಲಿ ಅದು ಸಾಮಾನ್ಯವಾಗಿ 100ರಿಂದ 200 ಓಮ್‌ಗಳ ನಡುವೆ ಇರುತ್ತದೆ, ಅನಂತವೆಂದು ತೋರಿಸಿದರೆ ಮಾತ್ರ ಕಾಯಿಲ್ ಕಡಿದಿದೆ ಎಂದರ್ಥ.

ಎಲ್ಲವನ್ನೂ ಜೋಡಿಸಿ ನಡೆಸಿದಾಗ ನೀರು ಸರಾಗವಾಗಿ ಹೊರಟುಹೋಯಿತು. ಆದರೆ ಮಧ್ಯಾಹ್ನ ಬಾಗಿಲು ತೆರೆದರೆ ತಳದಲ್ಲಿ ಮತ್ತೆ ನೀರು, ಅದರ ಮೇಲೆ ತೆಳುವಾದ ನೊರೆ. ನೊರೆ ಕಂಡಾಗಲೇ ಪ್ರಶ್ನೆಯ ಎರಡನೆಯ ಅರ್ಧಕ್ಕೆ ಉತ್ತರ ಸಿಕ್ಕಿತು. ಡಿಶ್‌ವಾಶರಿಗಾಗಿಯೇ ತಯಾರಿಸಿದ ಡಿಟರ್ಜೆಂಟ್ ನೊರೆ ಬರದಂತೆ ಮಾಡಿದ್ದಾಗಿರುತ್ತದೆ. ಹಾಗಾಗಿ ಒಳಗೆ ನೊರೆಯಿದ್ದರೆ ಅದು ಕೈಯಲ್ಲಿ ಪಾತ್ರೆ ತೊಳೆದ ಸಿಂಕಿನಿಂದ ಬಂದಿರಬೇಕು. ಖಚಿತಪಡಿಸಿಕೊಳ್ಳಲು ಸಿಂಕಿಗೆ ಒಂದು ಬಕೆಟ್ ನೀರು ಸುರಿದು ಯಂತ್ರದ ತಳವನ್ನೇ ನೋಡುತ್ತಿದ್ದೆ, ಗುಂಡಿಯಿಂದ ನೀರು ಮೆಲ್ಲನೆ ಮೇಲೇರಿತು. ಗಾಜಿನ ಚೂರಿಗೂ ಇದಕ್ಕೂ ಸಂಬಂಧವಿಲ್ಲ, ಎರಡು ದೋಷಗಳು ಒಟ್ಟಿಗೇ ಕೂಡಿಕೊಂಡಿದ್ದವು ಅಷ್ಟೆ.

ಸಿಂಕಿನ ಕೆಳಗೆ ನೋಡಿದಾಗ ಡ್ರೇನ್ ಪೈಪು ತನ್ನ ಕ್ಲಿಪ್ಪಿನಿಂದ ಜಾರಿ ನೆಲದ ಮೇಲೆ ಮಲಗಿತ್ತು. ಈ ಪೈಪು ಯಂತ್ರದಿಂದ ಹೊರಟು, ಸಿಂಕಿನ ಅಂಚಿನ ಸಮೀಪದವರೆಗೆ ಏರಿ, ಅಲ್ಲಿಂದ ಬಾಗಿ ಇಳಿದು ಚರಂಡಿಯ ಕೊಳವೆಯನ್ನು ಸೇರಬೇಕು. ಆ ಏರು ಇಲ್ಲದಿದ್ದರೆ ಸಿಂಕಿನ ನೀರು ಇಳಿಜಾರು ಹಿಡಿದು ಯಂತ್ರಕ್ಕೇ ನುಗ್ಗುತ್ತದೆ. ಕೊಳವೆಗೆ ಸೇರುವ ಮೂತಿಯಲ್ಲಿ ಜಿಡ್ಡು ಗಟ್ಟಿಯಾಗಿ ದಾರಿಯನ್ನು ಕಿರಿದು ಮಾಡಿತ್ತು. ಜಿಡ್ಡು ಕೆರೆದು, ಪೈಪನ್ನು ಎತ್ತರದಲ್ಲಿ ಬಿಗಿದು, ಮತ್ತೊಮ್ಮೆ ಬಕೆಟ್ ಸುರಿದಾಗ ತಳ ಒಣಗಿಯೇ ಉಳಿಯಿತು.

ಕೆಲಸಕ್ಕೆ ಇಳಿದ ಮೇಲೆ ಉಳಿದದ್ದನ್ನೂ ಮುಗಿಸಿದೆ. ಬಾಗಿಲಿನ ಸುತ್ತಲಿನ ರಬ್ಬರ್ ಪಟ್ಟಿಯಾದ ಗ್ಯಾಸ್ಕೆಟನ್ನು, ಅದರಲ್ಲೂ ನೀರು ತಾಗದೆ ಕೊಳೆ ಕೂರುವ ಕೆಳಗಿನ ಅಂಚನ್ನು, ಒದ್ದೆ ಬಟ್ಟೆಯಿಂದ ಒರೆಸಿದೆ. ಸ್ಪ್ರೇ ಆರ್ಮ್‌ಗಳ ರಂಧ್ರಗಳಲ್ಲಿ ಸಿಕ್ಕಿದ್ದ ಬೀಜಗಳನ್ನು ಹಲ್ಲುಕಡ್ಡಿಯಿಂದ ತೆಗೆದೆ. ಜೋಸೆಫಿನ್ ಕಾಕ್ರೇನ್ 1886ರಲ್ಲಿ ಪೇಟೆಂಟ್ ಪಡೆದ ಯಂತ್ರದಿಂದ ಇಂದಿನವರೆಗೂ ಪಾತ್ರೆಗಳನ್ನು ತಂತಿಯ ಗೂಡಿನಲ್ಲಿ ನಿಲ್ಲಿಸಿ, ಬ್ರಷ್ಷಿನ ಬದಲು ನೀರಿನ ರಭಸದಿಂದ ತೊಳೆಯುವ ತತ್ತ್ವವೇ ನಡೆದು ಬಂದಿದೆ. ರಂಧ್ರ ಮುಚ್ಚಿದರೆ ಆ ರಭಸವೇ ಇಲ್ಲ, ಎಷ್ಟು ದುಬಾರಿ ಡಿಟರ್ಜೆಂಟ್ ಹಾಕಿದರೂ ಪ್ರಯೋಜನವಿಲ್ಲ.

ಗಾಜಿನ ಲೋಟಗಳ ಮೇಲಿನ ಬಿಳಿ ಪೊರೆಯ ವಿಚಾರವೂ ಇತ್ತು. ಪೊರೆಯ ಮೇಲೆ ಒಂದಿಷ್ಟು ವಿನೆಗರ್ ಉಜ್ಜಿದಾಗ ಅದು ಹೋದರೆ ಗಡಸು ನೀರಿನ ಸುಣ್ಣ. ಹೋಗದಿದ್ದರೆ ಗಾಜೇ ಸವೆದಿದೆ, ಅದಕ್ಕೆ ಪರಿಹಾರವಿಲ್ಲ. ನಮ್ಮದು ಹೋಯಿತು. ಯಂತ್ರದೊಳಗೆ ನೀರನ್ನು ಮೆದುಗೊಳಿಸುವ ರಾಳದ ಹರಳುಗಳು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ. ಹಿಡಿದುಕೊಂಡದ್ದನ್ನು ತೊಳೆದು ಅವನ್ನು ಮತ್ತೆ ಸಜ್ಜುಗೊಳಿಸುವುದು ಉಪ್ಪುನೀರು. ಉಪ್ಪಿನ ತೊಟ್ಟಿ ತೆರೆದು ನೋಡಿದರೆ ಅದರಲ್ಲಿ ಹರಳುಪ್ಪಿನ ಸುಳಿವೇ ಇರಲಿಲ್ಲ. ಇದಕ್ಕೆ ಡಿಶ್‌ವಾಶರಿನ ದಪ್ಪ ಹರಳಿನ ಶುದ್ಧ ಉಪ್ಪನ್ನೇ ಹಾಕಬೇಕು, ಊಟದ ಪುಡಿ ಉಪ್ಪಿನಲ್ಲಿ ಬೆರೆಸುವ ಪದಾರ್ಥಗಳು ತೊಟ್ಟಿಯನ್ನು ಹಾಳುಮಾಡುತ್ತವೆ. ತುಂಬುವಾಗ ಚೆಲ್ಲಿದ ಉಪ್ಪು ಸ್ಟೀಲನ್ನು ತಿನ್ನುತ್ತದೆಯಾದ್ದರಿಂದ ಮುಚ್ಚಳ ಬಿಗಿದ ಕೂಡಲೇ ಪಾತ್ರೆಗಳಿಲ್ಲದೆ ಒಂದು ಸುತ್ತು ಓಡಿಸಿದೆ.

ಆ ಸುತ್ತಿನ ಕೊನೆಯಲ್ಲಿ ನೀರು ಹೊರಹೋಗುವ ಸದ್ದು ತಡೆಯಿಲ್ಲದೆ ಕೇಳಿಸಿತು. ಹೊರಹೋದ ನೀರು ಮರಳದಂತೆ ತಡೆಯುವ, ಪಂಪಿನ ಹಿಂಬದಿಯ ನಾನ್‌ರಿಟರ್ನ್ ವಾಲ್ವಿನ ರಬ್ಬರ್ ನಾಲಗೆ ಮಾತ್ರ ಗಡುಸಾಗಿ, ಪೂರ್ತಿ ಮುಚ್ಚಿಕೊಳ್ಳುತ್ತಿಲ್ಲ. ಪೈಪಿನ ಏರು ಸರಿಯಿರುವವರೆಗೆ ತೊಂದರೆಯಾಗದು, ಆದರೂ ಹೊಸ ವಾಲ್ವೊಂದಕ್ಕೆ ಆರ್ಡರ್ ಹಾಕಿದ್ದೇನೆ.