ಚಿಗರಿ ಹತ್ತಿ ಚಿಗರಿ ನೋಡಲು

ಧಾರವಾಡದಿಂದ ಹುಬ್ಬಳ್ಳಿಗೆ ಬಂದದ್ದು ಚಿಗರಿಯಲ್ಲಿ. ನಮ್ಮ ಬಿಆರ್‌ಟಿಎಸ್ ಎಂಬ ತ್ವರಿತ ಬಸ್ಸಿಗೆ ಕೃಷ್ಣಮೃಗದ ಆ ಹೆಸರಿಡುವ ಮುಂಚೆ ರಾಣೆಬೆನ್ನೂರು ಕಡೆಯ ರೈತರನ್ನು ಕೇಳಿದ್ದರೆ ಬೇರೆ ಪ್ರಾಣಿಯನ್ನು ಹುಡುಕಲು ಹೇಳುತ್ತಿದ್ದರೇನೋ. ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿ, ಹಾವೇರಿ ದಾಟಿ, ರಾಣೆಬೆನ್ನೂರಲ್ಲಿ ಇಳಿದಾಗ ಹತ್ತೂವರೆ. ಜೊತೆಗೆ ಅಕ್ಕನ ಮಗ. ಸಿರಸಿಯ ಅರಣ್ಯ ಕಾಲೇಜಿನಲ್ಲಿ ಓದುತ್ತಾನೆ, ಕಂಡ ಗಿಡಕ್ಕೆಲ್ಲ ಲ್ಯಾಟಿನ್ ಹೆಸರು ಹೇಳಿ ತಲೆ ತಿನ್ನುತ್ತಾನೆ.

ಇಲ್ಲಿಯ ಕೃಷ್ಣಮೃಗ ಅಭಯಾರಣ್ಯ 1974ರದು, ವಿಸ್ತಾರ 119 ಚದರ ಕಿಲೋಮೀಟರ್. ಒಳಗೆ ಕಣ್ಣಿಗೆ ಬೀಳುವುದು ಕುರುಚಲು, ಅದಕ್ಕಿಂತ ಹೆಚ್ಚಾಗಿ ನೀಲಗಿರಿ ತೋಪು. ಚಿಗರಿಗೆ ಬೇಕಾದದ್ದೋ ಬಯಲು ಮತ್ತು ಎಳೆ ಹುಲ್ಲು. ಜುಲೈ ಮೊದಲ ವಾರ, ತೋಪಿನಾಚೆ ಗೋವಿನಜೋಳ ಮೊಳಕಾಲಿಗೂ ಬಂದಿರಲಿಲ್ಲ. ನೆಟ್ಟ ಮರ ಬಿಟ್ಟು ಬಿತ್ತಿದ ಪೈರಿಗೆ ಹೋಗಿವೆ ಎಂದರೆ ಅವಕ್ಕೆ ಬುದ್ಧಿ ಇದೆ ಎಂದೇ ಅರ್ಥ.

“ತಣ್ಣನೆ ದೇಶದಾಗ ನೆಟ್ಟ ಮರಾನೂ ಬಿಡಂಗಿಲ್ಲ” ಎಂದ ಹುಡುಗ. ಸ್ಕಾಟ್ಲೆಂಡಿನಲ್ಲಿ ಸಿಟ್ಕಾ ಸ್ಪ್ರೂಸ್ ಎಂಬ ಸೂಜಿಯೆಲೆ ಮರವನ್ನು ಗುಡ್ಡಗುಡ್ಡಕ್ಕೆ ಬೆಳೆಸುತ್ತಾರಂತೆ. ಸಸಿಯ ನೆತ್ತಿಯ ಕುಡಿಯನ್ನು ಜಿಂಕೆ ಕಡಿದರೆ ಮರ ಸಾಯುವುದಿಲ್ಲ. ಪಕ್ಕದ ಎರಡು ರೆಂಬೆ ‘ನಾನೇ ಕಾಂಡ’ ಎಂದು ಮೇಲೇಳುತ್ತವೆ, ಮರ ಕವಲೊಡೆಯುತ್ತದೆ. ದೊಡ್ಡ ಮರದ ತೊಗಟೆ ಸುಲಿದರೆ ಗಾಯದಿಂದ ಕೊಳೆ ಇಳಿದು ಬುಡದ ದಿಮ್ಮಿ, ಅಂದರೆ ಹೆಚ್ಚು ಬೆಲೆ ಬಾಳುವ ತುಂಡೇ, ಹಾಳು. ಕಡಿದದ್ದು ಒಂದು ಗೇಣು ಕುಡಿ. ಲುಕ್ಸಾನು ಗೊತ್ತಾಗುವುದು ಸುಮಾರು 40 ವರ್ಷದ ನಂತರ, ಸಾಮಿಲ್ಲಿನ ಬಾಗಿಲಲ್ಲಿ. ಬೇಲಿಯ ದುಡ್ಡನ್ನು ಮಾತ್ರ ಮೊದಲ ವರ್ಷವೇ ಸುರಿಯಬೇಕು.

ಇಲ್ಲಿಯ ಬೇಲಿ ಹಳೆ ಸೀರೆಯದು. ಗುಲಾಬಿ, ಹಸಿರು, ಜರಿ ಉದುರಿದ ಒಂದು ನೇರಳೆ. ಬದುವಿನಲ್ಲಿ ಕೂತಿದ್ದ ಯಜಮಾನರ ಕಣ್ಣು ಕೆಂಪಗಿದ್ದವು, ರಾತ್ರಿಯೆಲ್ಲ ಕಾವಲು. ಆ ನಿದ್ದೆಗೆಟ್ಟ ಕೂಲಿಯನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ.

“ಬೀಜ ಗೊಬ್ಬರ ಹೋತಂತ ಅಳಂಗಿಲ್ರಿ. ಎರಡನೇ ಸಲ ಬಿತ್ತಿದ್ದು ತಡ ಆಕ್ಕೇತಿ. ಸೂಲಂಗಿ ಹೂ ಬರೂ ಹೊತ್ತಿಗೆ ಮಳಿ ಕೈಕೊಟ್ರ, ತೆನಿ ಇದ್ರೂ ಕಾಳಿಲ್ಲ. ಅದನ್ನ ಚಿಗರಿ ತಿಂತು ಅಂತ ಯಾವ ಅರ್ಜ್ಯಾಗ ಬರೀಲಿ?”

ಇದನ್ನು ಹುಡುಗ ಪುಸ್ತಕದಲ್ಲಿ ಓದಿರಲಿಲ್ಲ ಅನ್ನಿಸಿತು, ಸುಮ್ಮನಾದ.

ದೂರದಲ್ಲಿ ಎರೆಮಣ್ಣಿನ ಮೇಲೆ ಏಳೆಂಟು ಕಂಡವು. ಮುಂದೆ ಕರಿ ಗಂಡು, ತಿರುಚಿದ ಕೊಂಬು. ನಾಯಿಯೊಂದು ಬೊಗಳಿದ್ದೇ ತಡ, ಸ್ಪ್ರಿಂಗ್ ಇಟ್ಟಂತೆ ಪುಟಿದು ಹೋದವು. ಇಷ್ಟು ಚೆಂದದ ಕಳ್ಳರನ್ನು ನಾನು ನೋಡಿರಲಿಲ್ಲ. ಯಜಮಾನರ ಮುಂದೆ ಹಾಗೆನ್ನಲು ಬಾಯಿ ಬರಲಿಲ್ಲ.

ಹುಡುಗ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಎಲೆ ಮೇಯ್ದು ಮೊಂಡಾದ ಒಂದು ಸಸಿ ಕಿತ್ತ. ಉಗುರಲ್ಲಿ ದಂಟು ಸೀಳಿ, ಬುಡದಲ್ಲಿ ಅಕ್ಕಿಯ ನುಚ್ಚಿನಷ್ಟು ಬೆಳ್ಳಗಿದ್ದ ಕುಡಿ ತೋರಿಸಿದ. ಎಳೆಯದರಲ್ಲಿ ಇದು ಮಣ್ಣೊಳಗೇ ಇರುತ್ತದೆ, ಬಾಯಿಗೆ ಸಿಗದು, ಮತ್ತೆ ಚಿಗುರುತ್ತದೆ. “ನೋಡ್ರಿ, ಇದು ಬದುಕಿತ್ತು!”

ಯಜಮಾನರು ಅವನ ಕೈಯೊಳಗಿನ ಸಸಿ ನೋಡಿದರು.

“ಬದುಕಿತ್ತು, ತಮ್ಮಾ.”