ಆಪರೇಷನ್ ಆದ ಕಾಲನ್ನಷ್ಟೇ ನೋಡಿದ್ದೆ

ನಾನು ವಿಜಯಪುರದಲ್ಲಿ ಫಿಸಿಯೋಥೆರಪಿಸ್ಟ್. ಬಿದ್ದು ಕಾಲು ಮುರಿದುಕೊಂಡವರನ್ನು ದಿನಾ ನಡೆಸುತ್ತೇನೆ. ಆದರೆ ಕ್ಯಾನ್ಸರ್ ಎಲುಬಿಗೆ ಹರಡಿ ಮುರಿದ ಕಾಲಿನ ಲೆಕ್ಕವೇ ಬೇರೆ. ಅದನ್ನು ನನಗೆ ಕಲಿಸಿದ್ದು ಒಬ್ಬ ಅವ್ವ.

ಅವರಿಗೆ ಹಿಂದೆ ಸ್ತನ ಕ್ಯಾನ್ಸರ್ ಆಗಿತ್ತು. ತಿಂಗಳುಗಟ್ಟಲೆ ತೊಡೆನೋವು ಇದ್ದರೂ ವಾತ ಅಂತ ಎಣ್ಣೆ ತಿಕ್ಕಿಕೊಂಡು ಸುಮ್ನಿದ್ದರು. ಒಂದು ಬೆಳಿಗ್ಗೆ ಹೊಸ್ತಿಲು ದಾಟುವಾಗ ಕಾಲು ಹೊರಳಿತು, ಎಲುಬು ಮುರಿಯಿತು. ಸರ್ಜನ್ ತೊಡೆಯ ಎಲುಬಿನೊಳಗೆ ಉದ್ದಕ್ಕೂ ರಾಡ್ ಹಾಕಿದರು.

ಮರುದಿನ ವಾಕರ್ ತಗೊಂಡು ಹೋದರೆ ಮಗ ಅಡ್ಡ ನಿಂತರು. “ಎಲುಬು ಇನ್ನೂ ಕೂಡಿಲ್ರಿ ಸರ, ಈಗ ಎಬ್ಬಸಬ್ಯಾಡ್ರಿ. ಮೂರು ತಿಂಗಳ ಮಲಗ್ಲಿ.” ಅವರ ಭಯ ಸಹಜವೇ. ಆದರೆ ಗಡ್ಡೆ ಇರುವ ಜಾಗ ಕೂಡುವುದು ನಿಧಾನ, ಕೆಲವರಲ್ಲಿ ಕೂಡುವುದೇ ಇಲ್ಲ. ಅದಕ್ಕೇ ಮೈಭಾರವನ್ನು ರಾಡೇ ಹೊರುವ ಹಾಗೆ ಸರ್ಜನ್ ಮೊದಲೇ ನೋಡಿಕೊಂಡಿದ್ದರು, ನಿಲ್ಲಿಸಿ ಅಂತ ಹೇಳಿದ್ದೂ ಅವರೇ. ಮಲಗಿಸಿಬಿಟ್ಟರೆ ಬೆನ್ನಿಗೆ ಹುಣ್ಣು, ಎದೆಯಲ್ಲಿ ಕಫ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು. ಕ್ಯಾನ್ಸರ್ ಇದ್ದವರಿಗೆ ಈ ಹೆಪ್ಪಿನ ಅಪಾಯ ಮೊದಲೇ ಜಾಸ್ತಿ.

ಮಗ ಒಪ್ಪಿದವರೇ ಅವ್ವನ ರಟ್ಟೆ ಹಿಡಿದು ಎಳೆಯಲು ಹೋದರು. ತಕ್ಷಣ ತಡೆದೆ. ತೋಳಿನ ಎಲುಬಿನಲ್ಲೂ ಗಡ್ಡೆ ಇದ್ದರೆ ಆ ಎಳೆತಕ್ಕೇ ಮುರಿಯಬಹುದು. ಮಂಚ ಎತ್ತರ ಮಾಡಿ, ಅಂಚಿಗೆ ಕೂಡಿಸಿ, ಅವರೇ ನಿಧಾನಕ್ಕೆ ಏಳುವ ಹಾಗೆ ಪಕ್ಕದಲ್ಲಿ ನಿಂತೆ. ಮೊದಲು ವಾಕರ್, ಆಮೇಲೆ ನೋವಿನ ಕಾಲು, ಆಮೇಲೆ ಒಳ್ಳೆಯ ಕಾಲು. ನಾಲ್ಕು ಹೆಜ್ಜೆ. ಮನೆಗೆ ಹೋಗಿ ಏನು ಮಾಡಬೇಕು ಅನ್ನಿಸ್ತದೆ ಅಂತ ಕೇಳಿದೆ. “ರೊಟ್ಟಿ ಬಡೀಬೇಕು ಯಪ್ಪಾ” ಅಂದರು.

ಆರನೇ ದಿನ ಅವ್ವ, “ಬೆನ್ನು ಹಿಡದಂಗ ಆಗ್ಯದ” ಅಂದರು. ವಾಕರ್ ಮೇಲೆ ಬಗ್ಗಿದ್ದಕ್ಕೆ ಇರಬೇಕು ಅಂದುಕೊಂಡು ಅದರ ಎತ್ತರ ಸರಿಮಾಡಿ ಬಂದುಬಿಟ್ಟೆ. ಮರುದಿನ ನಡೆಸುವಾಗ ಒಂದು ಸದ್ದು ಕೇಳಿತು. ಪಾದ ನೆಲಕ್ಕೆ ಉಜ್ಜುವ ಸದ್ದು. ಉಜ್ಜುತ್ತಿದ್ದುದು ಆಪರೇಷನ್ ಆಗದ ಕಾಲು! ಅಲ್ಲೇ ಮಲಗಿಸಿ ಡಾಕ್ಟರ ಹತ್ತಿರ ಓಡಿದೆ. ಎಂಆರ್‌ಐನಲ್ಲಿ ಬೆನ್ನುಮೂಳೆಯ ಗಡ್ಡೆ ಒಳಗಿನ ನರಗಳ ಹುರಿಯನ್ನು ಒತ್ತುತ್ತಿರುವುದು ಕಂಡಿತು. ಅವತ್ತೇ ಸ್ಟೀರಾಯ್ಡ್, ಹಿಂದೆಯೇ ರೇಡಿಯೇಶನ್. ಕಾಲು ಉಳಿಯಿತು. ಇದರಲ್ಲಿ ನಡೆಯುತ್ತಿರುವಾಗಲೇ ಚಿಕಿತ್ಸೆ ಸಿಕ್ಕವರು ಬಹಳ ಮಟ್ಟಿಗೆ ನಡೆಯುತ್ತಲೇ ಇರುತ್ತಾರೆ. ಕಾಲು ಪೂರ್ತಿ ಬಿದ್ದ ಮೇಲೆ ಮತ್ತೆ ಎದ್ದು ನಡೆಯುವವರು ಕಡಿಮೆ. ಅಂಥದ್ದರಲ್ಲಿ ನನ್ನಿಂದ ಒಂದು ದಿನ ಹಾಳಾಯಿತು. ಇವತ್ತಿಗೂ ಅದು ಚುಚ್ಚುತ್ತದೆ.

ಈಗ ವಾಕರ್ ಮುಟ್ಟುವ ಮೊದಲು ಮಂಚದ ಪಕ್ಕ ಕೂತು ಕೇಳುತ್ತೇನೆ. ಬೆನ್ನಿಗೋ ತೋಳಿಗೋ ಹೊಸ ನೋವು ಬಂದಿದೆಯಾ? ಕಾಲು ಜೋಮು ಹಿಡಿದಿದೆಯಾ? ಮೂತ್ರ ಸರಿಯಾಗಿ ಹೋಗ್ತಿದೆಯಾ? ಮೀನಖಂಡ ಊದಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಮನೆಯವರಿಗೆ ಎಣ್ಣೆ ತಿಕ್ಕಬೇಡಿ ಅಂತ ಗಟ್ಟಿಯಾಗಿಯೇ ಹೇಳಿ ಡಾಕ್ಟರಿಗೆ ತಿಳಿಸುತ್ತೇನೆ. ಬಾಯಾರಿಕೆ, ಮಲಬದ್ಧತೆ, ಮಂಪರು ಒಟ್ಟಿಗೆ ಕಂಡರೂ ಅಷ್ಟೇ, ರಕ್ತದಲ್ಲಿ ಕ್ಯಾಲ್ಸಿಯಂ ಏರಿರಬಹುದು.

ಅವ್ವನಿಗೆ ನೆಲಕ್ಕೆ ಕೂಡಬೇಡಿ ಅಂದಿದ್ದೆ. ಮಗ ಒಲೆಯನ್ನು ಕಟ್ಟೆಯ ಮೇಲೆ ಇಟ್ಟು, ಎತ್ತರದ ಸ್ಟೂಲ್ ತಂದರು. ತಿಂಗಳ ನಂತರ ಅವರ ಫೋನ್ ಬಂತು. ಯಾರೂ ಮಾತಾಡಲಿಲ್ಲ. ಬರೀ ರೊಟ್ಟಿ ಬಡಿಯುವ ಸದ್ದು.