ಲಾರೆನ್ಸರು ಒಪ್ಪಿಸಿದ ಲೆಕ್ಕ

ಸಂತ ಲಾರೆನ್ಸ್ ಅಂದರೆ ಜನ ಹೇಳೋದು ಒಂದೇ ಕಥೆ. ಕೆಂಡದ ಮೇಲೆ ಕಬ್ಬಿಣದ ಜಾಲರಿ ಇಟ್ಟು, ಅದರ ಮೇಲೆ ಅವರನ್ನು ಮಲಗಿಸಿದರಂತೆ. ಆಗ ಅವರು, 'ಈ ಮಗ್ಗುಲು ಬೆಂದಿದೆ, ತಿರುಗಿಸಿ ಹಾಕಿ' ಅಂದರಂತೆ. ಈ ಕಥೆಯಿಂದಾಗಿ ಅವರು ಅಡುಗೆಯವರ ಪೋಷಕ ಸಂತರಾದರು. ಪಾಪ, ಅಡುಗೆಯವರಿಗೆ ಬೇರೆ ಯಾರೂ ಸಿಗಲಿಲ್ವಾ?

ನಾನು ಕಾರ್ಕಳದ ಕಡೆಯವನು. ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಲಾರೆನ್ಸರು ನನಗೆ ಹಿಡಿಸುವುದು ಅವರ ಕೆಲಸದಿಂದ. ಅವರ ಕೈಯಲ್ಲಿದ್ದದ್ದು ರೋಮಿನ ಕ್ರೈಸ್ತ ಸಭೆಯ ಹಣ.

ಅದೇನು ಸಣ್ಣ ಹೊಣೆಯಲ್ಲ. ಕ್ರಿ.ಶ. 251ರ ಸುಮಾರಿಗೆ ಪೋಪ್ ಕಾರ್ನೇಲಿಯಸ್ ಬರೆದ ಪತ್ರದ ಭಾಗ ಉಳಿದಿದೆ. ರೋಮಿನಲ್ಲಿ 46 ಪಾದ್ರಿಗಳು, 7 ಡೀಕನ್‌ಗಳು (ಪಾದ್ರಿಗಿಂತ ಕೆಳಗಿನ ಸೇವಾಧಿಕಾರಿಗಳು) ಇದ್ದರು ಅನ್ನುತ್ತದೆ ಅದು. ಸಭೆ ಸಾಕುತ್ತಿದ್ದ ವಿಧವೆಯರು ಮತ್ತು ಬಡವರು 1500ಕ್ಕೂ ಜಾಸ್ತಿ. ಅದೂ ಕ್ರೈಸ್ತರನ್ನು ಸರ್ಕಾರ ಯಾವಾಗ ಬಂದು ಹಿಡಿದೊಯ್ಯುತ್ತದೋ ಅನ್ನುವ ಕಾಲದಲ್ಲಿ. ಕೆಲವೇ ವರ್ಷಗಳ ನಂತರ ಆ 7 ಡೀಕನ್‌ಗಳ ಸಾಲಿಗೆ ಲಾರೆನ್ಸರು ಸೇರಿದ್ದರು.

258ರಲ್ಲಿ ಚಕ್ರವರ್ತಿ ವಲೇರಿಯನ್ ಆಜ್ಞೆ ಹೊರಡಿಸಿದ: ಬಿಷಪ್, ಪಾದ್ರಿ, ಡೀಕನ್ ಯಾರೇ ಸಿಕ್ಕರೂ ಕೂಡಲೇ ಕೊಲ್ಲಿ. ಆಗಸ್ಟ್ 6ರಂದು ಪೋಪ್ ಎರಡನೇ ಸಿಕ್ಸ್ಟಸ್ ಸಮಾಧಿ ಸ್ಥಳದಲ್ಲೇ ಸಿಕ್ಕಿಬಿದ್ದರು. ಅವರನ್ನೂ ಜೊತೆಗಿದ್ದ ನಾಲ್ವರು ಡೀಕನ್‌ಗಳನ್ನೂ ಕೊಂದರು.

ಮುಂದಿನದು ಐತಿಹ್ಯ. ನಗರದ ಅಧಿಕಾರಿ ಲಾರೆನ್ಸರನ್ನು ಕರೆಸಿ, ಸಭೆಯ ಸಂಪತ್ತು ತಂದೊಪ್ಪಿಸು ಅಂದ. ಇವರು ಮೂರು ದಿನ ಕಾಲಾವಕಾಶ ಕೇಳಿದರು. ಊರೆಲ್ಲ ಸುತ್ತಿ ಕುಂಟರು, ಕುರುಡರು, ಕುಷ್ಠರೋಗಿಗಳು, ವಿಧವೆಯರನ್ನು ಸೇರಿಸಿ ತಂದು ನಿಲ್ಲಿಸಿದರು. 'ಇದೇ ನಮ್ಮ ಸಂಪತ್ತು' ಅಂದರು. ಎಷ್ಟೋ ಆಡಿಟ್ ನೋಡಿದ್ದೇನೆ, ಹೀಗೆ ಲೆಕ್ಕ ಒಪ್ಪಿಸಿದವರನ್ನು ಕಾಣೆ!

ಆಗಸ್ಟ್ 10ರಂದು ಅವರನ್ನೂ ಕೊಂದರು. ಜಾಲರಿಯ ಮೇಲೆಯೇ? ನನಗೆ ಅನುಮಾನ. ಸಿಕ್ಕ ಕೂಡಲೇ ಕೊಲ್ಲಿ ಅಂತ ಆಜ್ಞೆ ಇದ್ದಾಗ ಕತ್ತಿಯ ಒಂದು ಏಟಿಗೆ ಮುಗಿಯುವ ಕೆಲಸವದು. ಜಾಲರಿಯ ಮಾತನ್ನು ಬಿಷಪ್ ಆಂಬ್ರೋಸ್ ಬರೆದದ್ದು ನೂರು ವರ್ಷದ ಮೇಲೆ. ಆಮೇಲೆ ಕವಿ ಪ್ರುಡೆಂಟಿಯಸ್ ಅದಕ್ಕೆ ಚೆನ್ನಾಗಿ ಒಗ್ಗರಣೆ ಹಾಕಿದ. ಮೂರು ದಿನದ ಗಡುವೂ ಅವನ ಪದ್ಯದಲ್ಲೇ ಇದೆ, ಬಿಡಿ. ಅದನ್ನು ಮಾತ್ರ ನಾನು ಪ್ರಶ್ನೆ ಮಾಡದೆ ನಂಬುತ್ತೇನೆ.

ಸ್ಪೇನಿನವರು ಜಾಲರಿಯನ್ನು ಬಿಟ್ಟುಕೊಡಲ್ಲ. 1557ರಲ್ಲಿ, ಇದೇ ಆಗಸ್ಟ್ 10ರಂದು, ದೊರೆ ಎರಡನೇ ಫಿಲಿಪ್‌ನ ಸೈನ್ಯ ಯುದ್ಧ ಗೆದ್ದಿತು. ಅವನು ಮ್ಯಾಡ್ರಿಡ್ ಹತ್ತಿರ ಎಲ್ ಎಸ್ಕೋರಿಯಲ್ ಎಂಬ ಅರಮನೆ-ಮಠ ಕಟ್ಟಿಸಿ ಲಾರೆನ್ಸರಿಗೆ ಅರ್ಪಿಸಿದ. ಅದರ ನಕ್ಷೆ ಜಾಲರಿಯ ಹಾಗೇ ಇದೆ ಅಂತ ಜನ ಹೇಳುತ್ತಾರೆ. ಬಡವರನ್ನು ಸಂಪತ್ತು ಅಂದವರಿಗೆ ಅರಮನೆ!

ಕಾರ್ಕಳದ ಹತ್ತಿರದ ನಮ್ಮ ಅತ್ತೂರಿನ ಚರ್ಚು ಅವರದ್ದೇ. 2016ರಲ್ಲಿ ಅದಕ್ಕೆ ಬಸಿಲಿಕಾ ಪದವಿ ಬಂತು, ಅಂದರೆ ಪೋಪ್ ಕೊಡುವ ವಿಶೇಷ ಗೌರವ. ಆಗಸ್ಟ್ 10 ಅಂದರೆ ನಮ್ಮಲ್ಲಿ ಆಟಿ ತಿಂಗಳು, ಜಡಿಮಳೆ, ಮೇಣದ ಬತ್ತಿ ನಿಲ್ಲೋದಾದರೂ ಹೇಗೆ? ಜಾತ್ರೆ ಜನವರಿಯಲ್ಲಿ. ಹಿಂದೂಗಳು, ಮುಸ್ಲಿಮರು, ಎಲ್ಲರೂ ಬರುತ್ತಾರೆ. ಸಾಲಿನಲ್ಲಿ ಪಕ್ಕದವರಿಗೆ ನಾನು ಆ 1500 ಜನರ ಲೆಕ್ಕ ಶುರು ಮಾಡುವಷ್ಟರಲ್ಲಿ ನನ್ನ ಹೆಂಡತಿ ಮಿಠಾಯಿ ಅಂಗಡಿ ಕಡೆ ನಡೆದಿರುತ್ತಾಳೆ.